ಗುರುಪಾದಪ್ಪ ಸರ್ ಮತ್ತು ಮೂಕ ಪರದೆ

ಗುರುಪಾದಪ್ಪ ಸರ್ ಅವರ ಕಂಪ್ಯೂಟರ್ ಮಾತಾಡುತ್ತಿದ್ದ ವೇಗಕ್ಕೆ ನಮ್ಮ ಸ್ಟಾಫ್ ರೂಮಿನಲ್ಲಿ ಬೇರೆ ಯಾರ ಕಿವಿಯೂ ಒಗ್ಗಿರಲಿಲ್ಲ. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಪಟಪಟ ಸಿಡಿಯುವ ದನಿ ಅದು. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ದಿನ ಆ ಯಂತ್ರ ಕೆಟ್ಟಿದೆಯೆಂದೇ ತಿಳಿಯುತ್ತಿದ್ದರು. ಸರ್ ಮಾತ್ರ ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ, ಕೈಗಳನ್ನು ಕೀಬೋರ್ಡಿನ ಮೇಲಿಟ್ಟು, ನಡುನಡುವೆ ಚಹಾ ಗುಟುಕರಿಸುತ್ತ ಇಡೀ ಅಧ್ಯಾಯವೊಂದನ್ನು ಕೇಳಿ ಮುಗಿಸಿಬಿಡುತ್ತಿದ್ದರು. “ಸ್ವಲ್ಪ ನಿಧಾನ ಮಾಡ್ಕೊಳ್ಳಿ ಸರ್, ನಾವೂ ಕೇಳ್ತೀವಿ” ಎಂದು ನಾನೊಮ್ಮೆ ಅಂದೆ. “ನೀವು ಪುಸ್ತಕಾ ಓದೂವಾಗ ಒಂದೊಂದ ಅಕ್ಷರದ ಮ್ಯಾಲ ಬಟ್ಟಿಟ್ಟು ಓದ್ತೀರೇನ್ರಿ, ಅಕ್ಕಾರ?” ಎಂದು ತಿರುಗಿ ಕೇಳಿದರು.

ಬೆಂಗಳೂರು ವಿಜಯನಗರದ ನಮ್ಮ ಡಿಗ್ರಿ ಕಾಲೇಜಿನಲ್ಲಿ ಅವರು ಇತಿಹಾಸದ ಮೇಷ್ಟ್ರು, ನಾನು ಕನ್ನಡದವಳು. ಎಳವೆಯಲ್ಲೇ ಬಂದ ಜ್ವರವೊಂದು ಅವರ ಎರಡೂ ಕಣ್ಣುಗಳನ್ನು ಕಿತ್ತುಕೊಂಡಿತ್ತು. ಗದಗಿನ ಕಡೆಯವರು. ಬೆಂಗಳೂರಿಗೆ ಬಂದು ಎಷ್ಟೋ ವರ್ಷಗಳಾಗಿದ್ದರೂ ಈ ಊರಿನ ಕನ್ನಡ ಅವರ ನಾಲಿಗೆಯನ್ನು ಮುಟ್ಟಿರಲಿಲ್ಲ. ಅವರ ಕಡೆ ಪಾಠ ಹೇಳುವ ಹೆಂಗಸರೆಲ್ಲ ‘ಅಕ್ಕಾರು’. ನನಗಿಂತ ಎಷ್ಟೋ ದೊಡ್ಡವರಾದ ಅವರಿಂದ ಅಕ್ಕಾರ ಎಂದು ಕರೆಸಿಕೊಳ್ಳಲು ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲೆ ಅದೇ ನನ್ನ ಹೆಸರಾಯಿತು.

ಸಹಾಯ ಮಾಡಲು ಬಂದವರನ್ನು ತಿದ್ದುವುದು ಅವರ ನಿತ್ಯದ ಉದ್ಯೋಗ. ಕಾಲೇಜಿನ ಎದುರು ರಸ್ತೆ ದಾಟಿಸಲೆಂದು ಯಾರಾದರೂ ಅವರ ರಟ್ಟೆ ಹಿಡಿದು ಎಳೆದರೆ ಸುಮ್ಮನೆ ನಿಂತುಬಿಡುವರು. “ನಾ ಎತ್ತಲ್ಲಪಾ, ಮೂಗುದಾರ ಹಾಕಿಲ್ಲ. ನಿನ್ನ ಮೊಣಕೈ ಈ ಕಡೆ ಕೊಡು, ನಾನ ಹಿಡ್ಕೋತೀನಿ. ಈಗ ನೀ ನಡಿ” ಎನ್ನುವರು. ದಾಟಿಸಿದವನು ಆಚೆ ಬದಿಗೆ ಹೋಗುವುದರೊಳಗೆ ಅವನ ಊರು, ಕೆಲಸ, ಬಾಡಿಗೆ ಮನೆ ಎಲ್ಲಿ ಎನ್ನುವುದೆಲ್ಲ ಸರ್‌ಗೆ ತಿಳಿದಿರುತ್ತಿತ್ತು. ಅವನು ಹುಬ್ಬಳ್ಳಿಯ ಕಡೆಯವನಾಗಿದ್ದರಂತೂ ಮೂಡಲಪಾಳ್ಯದ ಯಾವ ಖಾನಾವಳಿಯಲ್ಲಿ ರೊಟ್ಟಿ ಬಿಸಿ ಸಿಗುತ್ತದೆ ಎನ್ನುವ ಸಲಹೆಯೂ ಸಿಕ್ಕಿರುತ್ತಿತ್ತು.

ಪಾಠ ಮುಗಿದ ಮೇಲೆ ಅವರಿಗೆ ಇನ್ನೊಂದು ಕೆಲಸವಿತ್ತು. ಸುತ್ತಲಿನ ಹಾಸ್ಟೆಲುಗಳಲ್ಲಿರುವ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಕನ್ನಡದ ಪಠ್ಯಪುಸ್ತಕಗಳು ಕೇಳಲು ಸಿಗುವುದು ಕಷ್ಟ. ಸರ್ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿ, ಯಂತ್ರ ಗುರುತಿಸಿದ ಅಕ್ಷರಗಳನ್ನು ಸಾಲುಸಾಲಾಗಿ ಕೇಳಿ ತಿದ್ದಿ, ಅವರ ಫೋನುಗಳಿಗೆ ಕಳಿಸುತ್ತಿದ್ದರು. ಯಂತ್ರ ‘ಅರಸ’ನನ್ನು ‘ಅರಿಸಿನ’ ಎಂದು ಓದಿರುತ್ತಿತ್ತು. ‘ದಂಡನಾಯಕ’ ಒಮ್ಮೆ ‘ದಂಡನಾಯಿ’ ಆಗಿದ್ದ. ಅಂಥದ್ದು ಸಿಕ್ಕಿದರೆ ಸ್ಟಾಫ್ ರೂಮಿಗೆಲ್ಲ ಕೇಳುವಂತೆ ಓದಿ ನಗಿಸಿ, ಆಮೇಲೆ ತಿದ್ದುವರು.

ಹೀಗಿರುವಾಗ ಒಂದು ದಿನ ಅವರ ಲ್ಯಾಪ್‌ಟಾಪ್ ಮಾತು ಬಿಟ್ಟಿತು.

ಅದು ನಡೆದದ್ದು ಮನೆಯಲ್ಲಿ. ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನಿನ ಸದ್ದು ಬಂತು, ದನಿ ಬರಲಿಲ್ಲ. ಕಾದರು. ಮತ್ತೆ ಒತ್ತಿದರು. ಕಿವಿಯನ್ನು ಕೀಬೋರ್ಡಿಗೆ ಹಚ್ಚಿ ಕೂತರು. ಕೊನೆಗೆ ಹೆಂಡತಿ ಕಸ್ತೂರಕ್ಕನನ್ನು ಕರೆದು ಪರದೆಯ ಮೇಲೆ ಏನಿದೆಯೆಂದು ಕೇಳಿದರು. ಕಸ್ತೂರಕ್ಕ ಕನ್ನಡವನ್ನು ಸರಾಗವಾಗಿ ಓದುವವರು, ಇಂಗ್ಲಿಷ್ ಬಾರದು. “ಪೂರ್ತಿ ನೀಲಿ ಐತ್ರಿ. ಮ್ಯಾಲ ಒಂದು ಅಳು ಮಾರಿ ಐತಿ. ಕೆಳಗ ಇಂಗ್ಲೀಷಿನ್ಯಾಗ ಏನೇನೋ ಬರದಾರ” ಎಂದರಂತೆ. ಅಷ್ಟರಿಂದ ಏನು ತಿಳಿಯಬೇಕು? ಕಾಲೇಜಿಗೆ ಹೊರಡುವ ಹೊತ್ತಾಗಿತ್ತು. ದಾರಿಯಲ್ಲಿ ಒಂದು ರಿಪೇರಿ ಅಂಗಡಿಗೆ ಕೊಟ್ಟು ಬಂದರು.

ಅಂಗಡಿಯವನು ಸಂಜೆಗೆ ಲ್ಯಾಪ್‌ಟಾಪನ್ನು ಒರೆಸಿ, ಹೊಳಪು ಮಾಡಿ ಕೊಟ್ಟ. “ಫಾರ್ಮ್ಯಾಟ್ ಮಾಡಿದೀನಿ ಸಾರ್, ಹೊಸದರ ಥರ ಓಡುತ್ತೆ” ಅಂದ. ಹೊಸದರ ಥರ ಎನ್ನುವುದು ನಿಜವೇ ಆಗಿತ್ತು. ಮಾತಾಡುವ ತಂತ್ರಾಂಶ ಹೋಗಿತ್ತು, ಪಾಠದ ಟಿಪ್ಪಣಿ ಹೋಗಿತ್ತು, ಹಳೆಯ ಪೆನ್‌ಡ್ರೈವಿನಲ್ಲಿ ಉಳಿದಿದ್ದ ಒಂದಷ್ಟು ಬಿಟ್ಟು ತಿದ್ದಿಟ್ಟಿದ್ದ ಪುಸ್ತಕಗಳೂ ಹೋಗಿದ್ದವು. ಮರುದಿನ ಸ್ಟಾಫ್ ರೂಮಿನಲ್ಲಿ ಸರ್ ಗಲಾಟೆ ಮಾಡಲಿಲ್ಲ. “ಗ್ವಾಡಿಗೆ ಸುಣ್ಣ ಹಚ್ಚಪಾ ಅಂದ್ರ, ಗ್ವಾಡೀನ ಕೆಡವಿ ಹ್ವಾದ” ಅಂದು ತಮ್ಮ ಕುರ್ಚಿಯಲ್ಲಿ ಕೂತರು. ಆ ದಿನ ದಂಡನಾಯಕನ ಜೋಕು ಬರಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ನನ್ನೊಬ್ಬಳ ಹತ್ತಿರ ಹೇಳಿದರು. “ಹೋದದ್ದು ಹೋತು ಅಕ್ಕಾರ, ಮತ್ತ ಮಾಡೋಣು. ಆದ್ರ ನಿನ್ನೆ ಮುಂಜಾನಿ ಅದರ ಮುಂದ ಕುಂತಿದ್ನೆಲ್ಲಾ, ಅದು ಸತ್ತೈತೋ, ನನಗ ಏನರ ಕೇಳಾಕತ್ತೈತೋ, ಒಂದೂ ಗೊತ್ತಾಗಲಿಲ್ಲ ನೋಡ್ರಿ. ಅದು ಭಾಳ ಕೆಟ್ಟ ಅನಿಸ್ತು.”

ನನಗೆ ಆಗಲೇ ಮೊದಲ ಬಾರಿಗೆ ಹೊಳೆದದ್ದು. ಕಂಪ್ಯೂಟರ್ ಚೆನ್ನಾಗಿರುವ ತನಕ ಅವರಿಗೂ ನನಗೂ ವ್ಯತ್ಯಾಸವಿಲ್ಲ, ವೇಗದಲ್ಲಿ ಅವರೇ ಮುಂದು. ಕೆಟ್ಟ ಕ್ಷಣದಿಂದ ಮಾತ್ರ ಎಲ್ಲವೂ ಮೂಕ. ಸರಿಪಡಿಸುವ ಪರದೆಗಳೂ ಅವರ ಯಂತ್ರದಲ್ಲಿ ಬಾಯಿ ಬಿಡುತ್ತಿರಲಿಲ್ಲ.

ಮುಂದಿನ ಕೆಲವು ವಾರ ಅವರು ಫೋನಿನಲ್ಲಿ ಯಾರ ಯಾರ ಜೊತೆಗೋ ಮಾತಾಡುತ್ತಿದ್ದರು. ಅವರ ಹಾಗೆಯೇ ಕಿವಿಯಿಂದ ಕಂಪ್ಯೂಟರ್ ನಡೆಸುವ ಗೆಳೆಯರು ಊರೂರಲ್ಲಿ ಇದ್ದರು. ಒಂದು ಶುಕ್ರವಾರ ನನ್ನ ಮೇಜಿನ ಬಳಿ ಬಂದು ನಿಂತರು.

“ಅಕ್ಕಾರ, ನಾಳೆ ನಿಮ್ಮ ಕಣ್ಣು ಬೇಕಾಗಿತ್ತಲ್ರಿ. ಒಂದ ದಿನಾ ಸಾಕು.”

“ಏನ್ ಮಾಡ್ಬೇಕು ಸರ್?”

“ಡಿಸ್ಕ್ ಪಾಲು ಮಾಡೂದೈತಿ.”

ವಿವರಿಸಿದರು. ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿನಲ್ಲಿ ಒಂದು ಚಿಕ್ಕ ಭಾಗವನ್ನು ಬೇರೆ ಮಾಡಬೇಕು. ಅದನ್ನು ಪಾರ್ಟಿಷನ್ ಅನ್ನುತ್ತಾರೆ. ಆ ಭಾಗದಲ್ಲಿ ಉಚಿತವಾಗಿ ಸಿಗುವ ಲಿನಕ್ಸ್ ಎನ್ನುವ ಇನ್ನೊಂದು ವ್ಯವಸ್ಥೆಯನ್ನು, ಅದರದೇ ದನಿಯ ಸಮೇತ ಕೂಡಿಸಬೇಕು. ದಿನನಿತ್ಯದ ಭಾಗ ಕೈಕೊಟ್ಟರೆ ಕಂಪ್ಯೂಟರನ್ನು ಈ ಎರಡನೆಯ ಭಾಗದಿಂದ ಶುರುಮಾಡಬಹುದು. ಇಲ್ಲಿಂದಲೇ ಆ ಭಾಗದ ಫೈಲುಗಳನ್ನು ತೆಗೆಯಬಹುದು, ಆಗುವುದಾದರೆ ರಿಪೇರಿಯನ್ನೂ ಮಾಡಬಹುದು. “ಅಣ್ಣತಮ್ಮರ ಪಾಲು ಇದ್ದಂಗ. ಒಬ್ಬಾಂವ ಹಾಸಿಗಿ ಹಿಡದ್ರ ಇನ್ನೊಬ್ಬಾಂವ ಹೊಲಕ್ಕ ಹೋಗ್ತಾನ” ಅಂದರು. ಇದನ್ನು ಕೂಡಿಸುವಾಗ ಬರುವ ಕೆಲವು ಪರದೆಗಳು ಮಾತ್ರ ಮೂಕ. ಅವನ್ನು ಓದಿ ಹೇಳಲು ಒಬ್ಬರು ಬೇಕು.

ಶನಿವಾರ ಅತ್ತಿಗುಪ್ಪೆಯಿಂದ ಆಟೋ ಹಿಡಿದು ಮೂಡಲಪಾಳ್ಯದ ಅವರ ಮನೆಗೆ ಹೋದೆ. ಮೊದಲ ಮಹಡಿಯ ಸಣ್ಣ ಮನೆ. ಸರ್ ಆಗಲೇ ತಯಾರಾಗಿದ್ದರು. ಇರುವ ಫೈಲುಗಳನ್ನೆಲ್ಲ ಹೊರಗಿನ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿ, ಅದನ್ನು ಬೀರುವಿನ ಬೀಗದ ಕೈಯ ಸಮೇತ ಕಸ್ತೂರಕ್ಕನಿಗೆ ಕೊಟ್ಟು, “ಟ್ರಜರಿಯೊಳಗ ಇಡು. ನಾ ಕೇಳಿದ್ರೂ ಇವತ್ತು ಕೊಡಬ್ಯಾಡ” ಅಂದರು. ಡಿಸ್ಕಿನ ಮೊದಲ ಭಾಗವನ್ನು ಕುಗ್ಗಿಸಿ ಜಾಗ ಬಿಡಿಸುವ ಕೆಲಸವನ್ನೂ ತಾವೇ ಮುಗಿಸಿದ್ದರು. ಆಮೇಲೆ ಪೆನ್‌ಡ್ರೈವಿನಿಂದ ಹೊಸ ವ್ಯವಸ್ಥೆಯನ್ನು ಶುರುಮಾಡಿದೆವು. ಒಂದೆರಡು ಪರದೆ ನಾನು ಓದಿದೆ, ಅಷ್ಟರಲ್ಲಿ ಅದಕ್ಕೇ ದನಿ ಬಂತು. ಸುಲಭವಾಗಿಯೇ ಸಾಗುತ್ತಿತ್ತು. ಆದರೆ ಡಿಸ್ಕನ್ನು ಎಲ್ಲಿ ಹೇಗೆ ಬಳಸಬೇಕೆಂದು ಕೇಳುವ ಪರದೆಗೆ ಬಂದಾಗ ಆ ದನಿ ತೊದಲತೊಡಗಿತು.

“ಬಟನ್, ಬಟನ್ ಅಂತೈತಿ. ಯಾವ ಬಟನ್ ಅಂತ ಹೇಳವಲ್ದು. ಈಗ ನೀವು ಓದ್ರಿ.”

ನಾನು ನೋಡಿದೆ. “ಇಲ್ಲೇನೋ ಮೂರು ಆಪ್ಷನ್ ಕೊಟ್ಟಿದೆ ಸರ್. ಮೊದಲನೇದು ಆಗಲೇ ಸೆಲೆಕ್ಟ್ ಆಗಿದೆ. ನೆಕ್ಸ್ಟ್ ಕೊಡ್ಲಾ?”

“ಏನೋ ಅಂದ್ರ ಏನ್ರಿ? ಒಂದಕ್ಷರಾ ಬಿಡಲಾರದ ಓದ್ರಿ. ತಿಳಕೊಳ್ಳೂದು ನನ್ನ ಕೆಲಸ.”

ಸ್ವಲ್ಪ ಬೇಸರದಿಂದಲೇ ಓದಿದೆ. ಡಿಸ್ಕಿನಲ್ಲಿ ಇರುವುದೆಲ್ಲವನ್ನೂ ಅಳಿಸಿ ಹೊಸದಾಗಿ ಕೂಡಿಸು ಎಂದಿತ್ತು ಆ ಮೊದಲನೆಯ ಸಾಲು.

ಸರ್ ಕೈಗಳನ್ನು ಕೀಬೋರ್ಡಿನಿಂದ ಮೇಲೆತ್ತಿದರು, ಬಿಸಿ ತಾಗಿದವರ ಹಾಗೆ. ಬೀರುವಿನಲ್ಲಿ ಎಲ್ಲದರ ಪ್ರತಿ ಇದೆಯೆಂದು ಗೊತ್ತಿದ್ದರೂ ನಾನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ.

“ಉಳಿದೆರಡೂ ಓದ್ರಿ” ಅಂದರು, ಮೆಲ್ಲಗೆ.

ಎಲ್ಲಿ ಕೂಡಿಸಬೇಕೆಂದು ನಾವೇ ಆರಿಸುವ ಮೂರನೆಯದು ನಮಗೆ ಬೇಕಾದದ್ದು. ಖಾಲಿ ಬಿಟ್ಟಿದ್ದ ಜಾಗದ ಅಳತೆಯನ್ನು ಎರಡು ಸಲ ಓದಿಸಿದರು. ಆಯ್ಕೆಯ ಗುರುತು ಅದರ ಮೇಲೆಯೇ ನಿಂತಿದೆಯೇ ಎಂದು ಮೂರನೆಯ ಸಲ ಕೇಳಿ, ಆಮೇಲೆ ಎಂಟರ್ ಒತ್ತಿದರು. ಕೆಲಸ ಮುಗಿಯುವ ತನಕ ಕಸ್ತೂರಕ್ಕ ಬಾಗಿಲಿಗೆ ಒರಗಿ ನಿಂತಿದ್ದರು.

“ಪಾಲಾದ ಮ್ಯಾಲ ಅಣ್ಣತಮ್ಮರು ಮಾತಾಡ್ತಾರೇನ್ರಿ?” ಎಂದು ನನ್ನನ್ನು ಕೇಳಿದರು.

“ಇವರು ಮಾತಾಡ್ತಾರ. ನಮ್ಮ ಮನೆತನದವರಲ್ಲ” ಅಂದರು ಸರ್.

ಇನ್ನೊಂದು ತೊಡಕಿತ್ತು. ಕಂಪ್ಯೂಟರ್ ಶುರುವಾದೊಡನೆ ಎರಡರಲ್ಲಿ ಯಾವುದು ಬೇಕೆಂದು ಕೇಳುವ ಒಂದು ಪಟ್ಟಿ ಬರಬೇಕು. ಅದು ಕೆಲವೇ ಸೆಕೆಂಡು ನಿಲ್ಲುತ್ತದೆ, ಅದಕ್ಕೂ ದನಿ ಇಲ್ಲ. ಆ ಹೊತ್ತಿಗೆ ಸರಿಯಾಗಿ ಕೀಲಿ ಒತ್ತುವುದು ಹೇಗೆ? ಇದಕ್ಕೂ ಅವರ ಗೆಳೆಯರೊಬ್ಬರು ಉಪಾಯ ಹೇಳಿಕೊಟ್ಟಿದ್ದರು. ಪಟ್ಟಿ ಬಂದಾಗ ಸಣ್ಣದೊಂದು ‘ಪೀಂ’ ಸದ್ದು ಮಾಡುವಂತೆ ಒಂದು ಸಾಲು ಸೇರಿಸಿದರೆ ಆಯಿತು. ಸರ್ ಒಂದು ಸದ್ದಿಗೆ ತೃಪ್ತರಾಗದೆ, ಒಂದು ತಗ್ಗು ಒಂದು ಏರು ಎಂದು ಎರಡು ಸ್ವರ ಹಾಕಿದರು.

ಮುಚ್ಚಿ ಮತ್ತೆ ಶುರುಮಾಡಿದೆವು. ಸ್ವರ ಬರಲಿಲ್ಲ. ಪಟ್ಟಿಯೂ ಬರಲಿಲ್ಲ. ಎಂದಿನ ವ್ಯವಸ್ಥೆ ಎಂದಿನ ಹಾಗೆ ತೆರೆದುಕೊಂಡು ಪಟಪಟ ಮಾತಾಡಿತು. ಬೆಳಗಿನಿಂದ ಮಾಡಿದ್ದೆಲ್ಲ ನೀರುಪಾಲಾಯಿತೆಂದುಕೊಂಡೆ. ಸರ್ ಮಾತ್ರ ಫೋನಿನಲ್ಲಿ ಯಾರೊಂದಿಗೋ ಮಾತಾಡಿ ಬಂದು, ಯಾವುದನ್ನು ಮೊದಲು ತೆರೆಯಬೇಕೆಂಬ ಅನುಕ್ರಮ ಯಂತ್ರದ ಬುಡದಲ್ಲೇ ಇರುತ್ತದೆ, ಅದನ್ನು ಬದಲಿಸಬೇಕು ಅಂದರು. ಅದೂ ಮೂಕ ಪರದೆಯೇ. ನಾನು ಒಂದಕ್ಷರವನ್ನೂ ಬಿಡದೆ ಓದಿದೆ, ಅವರು ಬದಲಿಸಿದರು.

ಈ ಸಲ ಎರಡು ಸ್ವರ ಕೇಳಿಸಿತು. ಸರ್ ಬಾಣದ ಗುರುತಿನ ಕೀಲಿಯನ್ನು ಒಮ್ಮೆ ಕೆಳಕ್ಕೆ ಒತ್ತಿ ಎಂಟರ್ ಕೊಟ್ಟರು. ಫ್ಯಾನು ಗುಂಯ್‌ಗುಟ್ಟಿತು. ಬೀದಿಯಲ್ಲಿ ತರಕಾರಿ ಗಾಡಿಯವನು ಸೊಪ್ಪು ಕೂಗುತ್ತಿದ್ದ, ಕಸ್ತೂರಕ್ಕ ಎದ್ದು ಕಿಟಕಿ ಮುಚ್ಚಿದರು. ಆಮೇಲೆ ಲ್ಯಾಪ್‌ಟಾಪಿನೊಳಗಿಂದ ಹೊಸ ದನಿಯೊಂದು, ಸ್ವಲ್ಪ ಗೊಗ್ಗರಾಗಿ, ಸ್ವಾಗತ ಎಂದು ಇಂಗ್ಲಿಷಿನಲ್ಲಿ ಹೇಳಿತು.

ಸರ್ ನಗಲಿಲ್ಲ. “ಅಕ್ಕಾರ, ಈಗ ನೀವು ಹೊರಗ ಹೋಗ್ರಿ” ಅಂದರು.

ನನಗೆ ಅರ್ಥವಾಗಲಿಲ್ಲ.

“ಅಡಿಗಿಮನ್ಯಾಗ ಹೋಗಿ ಚಾ ಕುಡೀರಿ. ನೀವು ಇಲ್ಲದಾಗ ಆಗ್ತೈತೋ ಇಲ್ಲೋ ನೋಡಬೇಕಲ್ರಿ.”

ಕಸ್ತೂರಕ್ಕನ ಜೊತೆ ಅಡುಗೆಮನೆಯಲ್ಲಿ ಕೂತೆ. ಗೋಡೆಯಾಚೆ ಕಂಪ್ಯೂಟರ್ ಆರಿತು, ಹೊತ್ತಿತು. ಎರಡು ಸ್ವರ. ತುಸು ಹೊತ್ತಿನ ನಂತರ ಗೊಗ್ಗರು ದನಿ. ಮತ್ತೆ ಆರಿತು. ಮತ್ತೆ ಎರಡು ಸ್ವರ. ಅವರು ಎಷ್ಟು ಸಲ ಹಾಗೆ ಮಾಡಿದರೋ ಎಣಿಸಲಿಲ್ಲ. ಕಸ್ತೂರಕ್ಕ ಅವಲಕ್ಕಿಗೆ ಒಗ್ಗರಣೆ ಹಾಕುತ್ತ, “ಇನ್ನ ಇವರಿಗೆ ನಿದ್ದಿ ಹತ್ತತೈತಿ. ಅವತ್ತಿಂದ ಸರಿ ಮಲಗಿರಲಿಲ್ಲ” ಅಂದರು. ಅಷ್ಟು ದಿನ ಸ್ಟಾಫ್ ರೂಮಿನಲ್ಲಿ ನಗುನಗುತ್ತ ಇದ್ದ ಮನುಷ್ಯ ರಾತ್ರಿ ಎಚ್ಚರವಾಗಿರುತ್ತಿದ್ದರು ಎನ್ನುವುದು ನನಗೆ ಗೊತ್ತಿರಲಿಲ್ಲ.

ಆ ಎರಡನೆಯ ಭಾಗ ನಿಜವಾಗಿ ಕೆಲಸಕ್ಕೆ ಬಂದದ್ದು ಮುಂದಿನ ವರ್ಷದ ಪರೀಕ್ಷೆಯ ಹೊತ್ತಿಗೆ.

ರೇಣುಕಾ ಎಂಬ ಹುಡುಗಿ ಆಗ ನಮ್ಮ ಕಾಲೇಜಿನಲ್ಲೇ ಕೊನೆಯ ವರ್ಷದಲ್ಲಿದ್ದಳು. ಅವಳಿಗೂ ಕಣ್ಣು ಕಾಣದು. ಅತ್ತಿಗುಪ್ಪೆಯ ಹಾಸ್ಟೆಲಿನಲ್ಲಿದ್ದಳು. ಇತಿಹಾಸದ ಪರೀಕ್ಷೆ ಸೋಮವಾರ. ಸರ್ ಕೊನೆಯ ಎರಡು ಅಧ್ಯಾಯಗಳನ್ನು ತಿದ್ದಿ ಭಾನುವಾರ ಬೆಳಿಗ್ಗೆ ಕಳಿಸುವುದಾಗಿ ಹೇಳಿದ್ದರು. ಅವಳಿಗೆ ಬೇರೆ ಪುಸ್ತಕವಿರಲಿಲ್ಲ. ಭಾನುವಾರ ತಿಂಡಿಯ ಹೊತ್ತಿಗೆ ಅವಳ ಫೋನು ಬಂತು.

“ಮೇಡಂ, ಸರ್ ಕಂಪ್ಯೂಟರ್ ಮತ್ತೆ ಹೋಯ್ತಂತೆ. ಏನೋ ಅಪ್‌ಡೇಟ್ ಆಗಿ ಆನ್ ಆಗ್ತಾನೇ ಇಲ್ವಂತೆ. ‘ತಡಿಯವ್ವಾ’ ಅಂದು ಫೋನ್ ಇಟ್ಬಿಟ್ರು. ಈಗ ಮಾಡಿದ್ರೆ ಎತ್ತುತಾ ಇಲ್ಲ. ನಾನೇನ್ ಮಾಡ್ಲಿ ಮೇಡಂ?”

“ನೀನು ಇರೋ ಅಧ್ಯಾಯ ಓದ್ತಾ ಇರು. ನಾನು ಹೋಗಿ ನೋಡ್ತೀನಿ” ಎಂದೆ.

ಕೈಗೆ ಸಿಕ್ಕ ಚಪ್ಪಲಿ ಮೆಟ್ಟಿ ಆಟೋ ಹತ್ತಿದೆ. ನನ್ನ ಲ್ಯಾಪ್‌ಟಾಪನ್ನೂ ತೆಗೆದುಕೊಂಡಿದ್ದೆ. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಹೋದೆ. ಪುಸ್ತಕ ಸರ್ ಮನೆಯಲ್ಲೇ ಇರುತ್ತದೆ. ಏನೂ ಆಗದಿದ್ದರೆ ನಾನೇ ಜೋರಾಗಿ ಓದಿ ಫೋನಿಗೆ ತುಂಬಿಸಿ ಕಳಿಸಬೇಕು. ಸಂಜೆಯಾಗುತ್ತದೆ. ಅವಳು ಕೇಳುವುದು ಯಾವಾಗ, ನೆನಪಿಡುವುದು ಯಾವಾಗ?

ಮೆಟ್ಟಿಲು ಹತ್ತಿ ಬೆಲ್ ಒತ್ತಿದೆ. ಕಸ್ತೂರಕ್ಕ ಬಾಗಿಲು ತೆರೆದು ನನ್ನ ಮುಖ ನೋಡಿ, “ಆತ್ರಿ, ಆಗಲೇ ಕಳಿಸ್ಯಾರ. ಬರ್ರಿ ಒಳಗ” ಅಂದರು.

ಸರ್ ಮೇಜಿನ ಮುಂದೆ ಕೂತಿದ್ದರು. ಗೊಗ್ಗರು ದನಿ ಫೈಲುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಿತ್ತು. ದಿನನಿತ್ಯದ ಭಾಗ ಎದ್ದಿರಲಿಲ್ಲ. ಅವರು ಎರಡನೆಯದರಿಂದ ಶುರುಮಾಡಿ, ಅದರ ಮೂಲಕ ಆ ಭಾಗದೊಳಗೆ ಹೋಗಿ, ರೇಣುಕಾಳ ಅಧ್ಯಾಯಗಳನ್ನು ಹುಡುಕಿ ತೆಗೆದು ಅವಳಿಗೆ ಕಳಿಸಿ ಮುಗಿಸಿದ್ದರು. ಕೆಲಸದ ನಡುವೆ ಬೇರೆ ದನಿ ಕಿವಿಗೆ ಬೀಳಬಾರದೆಂದು ಫೋನನ್ನು ಒಳಗಿನ ಕೋಣೆಯಲ್ಲಿಟ್ಟಿದ್ದರು. ಅದಕ್ಕೇ ಎತ್ತಿರಲಿಲ್ಲ.

“ಆಟೋದಾಗ ಬಂದ್ರೇನು? ಪಾಪ, ರವಿವಾರ ನಿಮ್ಮ ತಿಂಡಿ ಕೆಡಿಸಿದ್ವಿ” ಅಂದರು.

“ನನಗೊಂದು ಫೋನ್ ಮಾಡ್ಬಾರದಿತ್ತಾ ಸರ್?”

“ಯಾಕ್ರಿ? ಅವತ್ತು ಓದಿ ಹೇಳಿದ್ರೆಲ್ಲಾ. ಮತ್ತೇನು ಓದಿಸ್ಲಿ?”

ಲ್ಯಾಪ್‌ಟಾಪಿನ ಚೀಲ ಹೆಗಲಲ್ಲೇ ಇತ್ತು. ಓಡಿ ಬಂದದ್ದು ವ್ಯರ್ಥವಾಯಿತಲ್ಲ ಎಂಬ ಸಣ್ಣ ಪೆಚ್ಚುತನ ಒಂದು ಕ್ಷಣ ಇದ್ದದ್ದು ನಿಜ. ಆಮೇಲೆ ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತೆ. ರೇಣುಕಾಳಿಗೆ ಫೋನ್ ಮಾಡಿದೆ. “ಬಂತು ಮೇಡಂ, ಕೇಳ್ತಾ ಇದೀನಿ. ಆಮೇಲೆ ಮಾಡ್ಲಾ?” ಎಂದು ಅವಳೇ ಇಟ್ಟಳು. ಕಸ್ತೂರಕ್ಕ ನನ್ನ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟರು. ಕೆಟ್ಟ ಭಾಗವನ್ನು ಸರ್ ಮುಂದಿನ ವಾರ ನಿಧಾನವಾಗಿ ತಾವೇ ಸರಿಪಡಿಸಿಕೊಂಡರು. ರೇಣುಕಾ ಪಾಸಾದಳು. ಈಗ ಕೆಂಗೇರಿಯ ಕಡೆ ಒಂದು ಬ್ಯಾಂಕಿನಲ್ಲಿದ್ದಾಳೆ.

ಕಳೆದ ವರ್ಷ ಸರ್ ನಿವೃತ್ತರಾದರು. ಮಗಳು ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದಾಳೆ, ಅವಳ ಮನೆಯ ಹತ್ತಿರವೇ ಬಾಡಿಗೆಗೆ ಒಂದು ಮನೆ ನೋಡಿದ್ದಳು. ಸಾಮಾನುಗಳನ್ನು ಲಾರಿಯಲ್ಲಿ ಕಳಿಸಿ ಗಂಡ ಹೆಂಡತಿ ರಾತ್ರಿಯ ರೈಲಿಗೆ ಹೊರಟರು. ಅತ್ತಿಗುಪ್ಪೆಯಲ್ಲಿ ಅವರ ಜೊತೆ ನಾನೂ ಮೆಟ್ರೋ ಹತ್ತಿ ರೈಲು ನಿಲ್ದಾಣದ ತನಕ ಹೋದೆ. ರೇಣುಕಾ ಕೆಲಸ ಮುಗಿಸಿ ನೇರವಾಗಿ ಅಲ್ಲಿಗೇ ಬಂದಿದ್ದಳು. ಪ್ಲಾಟ್‌ಫಾರ್ಮಿನಲ್ಲಿ ಗುರುಶಿಷ್ಯರಿಬ್ಬರೂ ಮೂಲೆಯ ಬೆಂಚಿನಲ್ಲಿ ಕೂತು, ಬ್ಯಾಂಕಿನ ಹೊಸ ತಂತ್ರಾಂಶ ಸರಿಯಾಗಿ ಮಾತಾಡುವುದಿಲ್ಲವೆಂದು ಯಾರು ಯಾರಿಗೆ ದೂರು ಬರೆಯಬೇಕು ಎನ್ನುವುದನ್ನು ಚರ್ಚಿಸುತ್ತಿದ್ದರು. ರೈಲು ಬಂದಾಗಲೂ ಆ ಮಾತು ಮುಗಿದಿರಲಿಲ್ಲ. ಕಸ್ತೂರಕ್ಕ ನನ್ನ ಕೈ ಹಿಡಿದು, “ಹುಬ್ಬಳ್ಳಿಗೆ ಬರ್ರಿ” ಅಂದರು. ಸರ್ ಕಿಟಕಿಯ ಸರಳಿನ ನಡುವೆ ಕೈ ಚಾಚಿದರು. ಅದನ್ನು ಒಮ್ಮೆ ಹಿಡಿದು ಬಿಟ್ಟೆ.

ಅಂದು ರಾತ್ರಿ ಜೋರು ಮಳೆ. ರೈಲುಗಳು ತಡವಾಗಿ ಓಡುತ್ತಿವೆ ಎಂದು ಸುದ್ದಿ ಬಂತು. ಮಲಗಿದವಳು ಎರಡು ಮೂರು ಸಲ ಎದ್ದು ಫೋನು ನೋಡಿದೆ. ಬೆಳಿಗ್ಗೆ ಸ್ನಾನ ಮುಗಿಸಿ ಬಂದರೂ ಏನೂ ಸುದ್ದಿಯಿಲ್ಲ. ಸೀರೆ ಉಡುವಾಗ ಫೋನು ಹೊಡೆದುಕೊಂಡಿತು.

“ಅಕ್ಕಾರ, ಮುಟ್ಟಿದ್ವಿ. ಗಾಡಿ ತಡಾ ಆತು. ಇಲ್ಲಿ ಬಿಸಲು ಬಿದ್ದೈತಿ, ಮಗಳು ಬಂದಾಳ. ನೀವು ಕಾಲೇಜಿಗೆ ಹೊಂಡ್ರಿ, ಹೊತ್ತಾಗ್ತೈತಿ.”

ಅಷ್ಟು ಹೇಳಿ ಇಟ್ಟರು. ನಾನು ಸೆರಗು ಸರಿಮಾಡಿಕೊಂಡು ಹೊರಟೆ. ಅಂದು ಬೆಲ್ಲು ಹೊಡೆಯುವ ಮೊದಲೇ ಕಾಲೇಜು ಮುಟ್ಟಿದೆ.